ಓದುಗರ ಕಟ್ಟೆ: ಬೀಚ್ ಹಿಡ್ಕೊಂಡು ನಡೀರಿ, ಹೊಳಿ ಬಂದ್ರ ಬೋಟ್ ಹತ್ರಿ

ಹೋದ ಸಂಚಿಕೆದಾಗ ಕರಾವಳಿ ಬಗ್ಗೆ ಎರಡೇ ಎರಡು ಸಾಲು ಬರ್ದಿದ್ದೆ, ಸಮುದ್ರದ ದಂಡಿ ಹಿಡಿದು ದಿನಾಪೂರ್ತಿ ನಡಿಯೋದು, ನಡುವ ನದಿ ಅಡ್ಡ ಬಂದ್ರ ಊರಮಂದಿ ಓಡಾಡೋ ಬೋಟ್‌ನ್ಯಾಗ ದಾಟೋದು, ಹಿಂಗ ಒಂದ್ ಟ್ರಿಪ್ ಮಾಡಬಹುದು ನೋಡ್ರಿ ಅಂತ. ಅಷ್ಟಕ್ಕ ಕಲಬುರಗಿ, ಬೀದರ್, ಯಾದಗಿರಿ ಮೂರೂ ಕಡಿಂದ ಪ್ರಶ್ನೆ ಬಂದಾವ್ರೀ. ಆ ಕಾರಣ ಈ ಸಲ ಬ್ಯಾರೆ ವಿಷಯ ಎಲ್ಲಾ ಬಾಜೂಕಿಟ್ಟು ಇದಕ್ಕಷ್ಟೇ ಉತ್ತರ ಕೊಡ್ತೀನಿ.

ಪ್ರಶ್ನೆ: ನಾವು ಐದು ಮಂದಿ ದೋಸ್ತರು, ದಿನಾ ಮುಂಜಾನೆ ಅಪ್ಪನ ಕೆರಿ ಸುತ್ತ ವಾಕಿಂಗ್ ಮಾಡೋರು, ಎಲ್ಲರೂ ಐವತ್ತು ದಾಟೀವಿ. ನೀವು ಬರ್ದಿದ್ದು ಓದಿ ಹೋಗ್ಬೇಕು ಅನ್ಸ್ಯದ. ಎಲ್ಲಿಂದ ಶುರು ಮಾಡ್ಬೇಕು, ಎಷ್ಟು ಕಿಲೋಮೀಟರ್ ಆಗ್ತದ, ಒಂದೇ ದಿನದಾಗ ಮುಗಿತದೇನ್ರೀ? (ಕಲಬುರಗಿ)

ಮುಗಿತದ್ರೀ ಅಣ್ಣಾ, ಆದ್ರ ನೀವು ಕೆರಿ ಸುತ್ತ ರೌಂಡ್ ಎಣಿಸಿದಂಗ ಕಿಲೋಮೀಟರ್ ಎಣಿಸ್ಕೋತ ಹೋದ್ರ ಅಲ್ಲಿ ಲೆಕ್ಕ ತಪ್ಪತದ. ಆ ದಾರ್ಯಾಗ ನಿಮ್ಮ ಟೈಮ್ ತೀರ್ಮಾನ ಮಾಡೋದು ನಿಮ್ಮ ಕಾಲಲ್ಲ, ಎರಡ ಸಂಗತಿ: ಬೋಟ್ ಯಾವಾಗ ಬಿಡ್ತದ, ಸಮುದ್ರದ ನೀರು ಯಾವಾಗ ಇಳಿತದ. ಇವೆರಡೂ ಮೊದ್ಲು ಗೊತ್ತು ಮಾಡ್ಕೊಂಡು, ಅಲ್ಲಿಂದ ಹಿಂದಕ್ಕ ಲೆಕ್ಕ ಹಾಕಿ ಎಷ್ಟೊತ್ತಿಗೆ ಏಳ್ಬೇಕು ಅಂತ ನೋಡ್ರಿ.

ನಾನು ಹೇಳೋ ದಾರಿ ಉತ್ತರ ಕನ್ನಡದ್ದು, ಕುಮಟಾ ಕಡಿಂದ ಗೋಕರ್ಣಕ್ಕ. ನಡುವ ಅಘನಾಶಿನಿ ನದಿ ಸಮುದ್ರ ಸೇರ್ತದ. ಈಚಿ ದಂಡಿಗೆ ಅಘನಾಶಿನಿ ಅನ್ನೋ ಊರೇ ಅದ, ಆಚಿ ದಂಡಿಗೆ ತದಡಿ ಬಂದರು. ಇವೆರಡರ ನಡುವ ಬೋಟ್ ಓಡಾಡ್ತದ, ಅಲ್ಲಿ ಮಂದಿ ತಾರಿ ಅಂತಾರ, ಬೈಕ್ ಹತ್ತಿಸೋ ದೊಡ್ಡದಕ್ಕ ಬಾರ್ಜ್ ಅಂತಾರ. ದಾಟ್ಲಾಕ ಹತ್ತು-ಹದಿನೈದು ನಿಮಿಷ. ಅದೇ ರಸ್ತೆ ಮ್ಯಾಲ ಸುತ್ತಿ ಬರಬೇಕಂದ್ರ ಕುಮಟಾಕ್ಕ ವಾಪಸ್ ಬಂದು, ಮಿರ್ಜಾನ್ ಮ್ಯಾಲಿಂದ ಹೈವೇ ಹಿಡಿದು, ಮಾದನಗೇರಿ ಕ್ರಾಸ್‌ನ್ಯಾಗ ತಿರುಗಿ ಮೂವತ್ತು ಕಿಲೋಮೀಟರಿಗೂ ಜಾಸ್ತಿ. ಅದಕ್ಕೇ ಸಾಲಿ ಹುಡುಗ್ರು, ಮೀನು ಮಾರೋ ಹೆಣ್ಮಕ್ಳು, ಆಫೀಸ್ ಮಂದಿ ಎಲ್ಲಾ ತಾರಿ ಮ್ಯಾಲೇ. ಇದು ಟೂರಿಸ್ಟ್ ಬೋಟಲ್ಲ ಅನ್ನೋದು ತಲಿಯಾಗ ಇಟ್ಕೋರಿ. ನಿಮಗ ಫೋಟೋ ತಗೊಳ್ಳಾಕ ಅಂತ ನಿಲ್ಲಂಗಿಲ್ಲ, ಮಂದಿ ತುಂಬಿದ್ರ ಬಿಟ್ಟು ನಡೀತದ, ಮಂದಿ ಇಲ್ಲಂದ್ರ ಸ್ವಲ್ಪ ಕಾಯ್ತದ.

ಈಗ ಎರಡು ತುಂಡು ಮಾಡಿ ಹೇಳ್ತೀನಿ. ಮೊದಲನೇ ತುಂಡು ಕುಮಟಾದ ವನ್ನಳ್ಳಿ ಬೀಚ್‌ನಿಂದ ಹೆಡ್ ಬಂದರ್, ಕಡ್ಲೆ, ಬಾಡ, ಕಾಗಾಲ ಹಿಡಿದು ಅಘನಾಶಿನಿ ಊರಿಗೆ. ಎರಡನೇ ತುಂಡು ತದಡಿ ಇಳಿದು ಬೆಲೆಕಾನ, ಪ್ಯಾರಡೈಸ್, ಹಾಫ್ ಮೂನ್, ಓಂ, ಕುಡ್ಲೆ ದಾಟಿ ಗೋಕರ್ಣ. ಎರಡೂ ಸೇರಿದ್ರ ಇಪ್ಪತ್ತೈದು ಕಿಲೋಮೀಟರ್ ಆಸುಪಾಸು ಆಗ್ತದ, ಅದು ಎರಡು ದಿನದ ಕೆಲಸ, ಹುಡುಗ್ರು ಒಂದೇ ದಿನ ಮಾಡಿದ್ವಿ ಅಂತ ಹೇಳ್ತಾರ, ಮಾಡ್ಲಿ ಬಿಡ್ರಿ. ನೀವು ಐವತ್ತು ದಾಟಿದೋರು ಎರಡನೇ ತುಂಡು ಪೂರ್ತಿ ಮಾಡ್ರಿ, ಮೊದಲನೇದ್ರಾಗ ಕಡೀ ಭಾಗ ಅಷ್ಟೇ ತಗೋರಿ. ಅಂದ್ರ ರಾತ್ರಿ ಕುಮಟಾದಾಗ ಉಳಿದು, ಮುಂಜಾನೆ ಬಸ್ಸಿಗೆ ಕಾಗಾಲ ಕಡಿ ಹೋಗಿ ಇಳಿದು, ಅಲ್ಲಿಂದ ಸಮುದ್ರ ಎಡಕ್ಕಿಟ್ಕೊಂಡು ಅಘನಾಶಿನಿತನಕ ಆರಾಮ್ ನಡೀರಿ, ತಾರಿ ದಾಟ್ರಿ, ತದಡಿಯಾಗ ಚಾ ಕುಡೀರಿ, ಆಮ್ಯಾಲ ಗೋಕರ್ಣದ ತನಕ ಹತ್ತು-ಹನ್ನೆರಡು ಕಿಲೋಮೀಟರ್.

ಕುಮಟಾ ಕಡಿಂದೇ ಯಾಕ, ಗೋಕರ್ಣದಿಂದ ಯಾಕ ಶುರು ಮಾಡಬಾರ್ದು ಅಂತ ಕೇಳ್ತೀರಿ. ತಾರಿ ಮುಂಜಾನೆದಾಗ ಬಂದ್ರ ಚಿಂತಿ ಇಲ್ಲ, ಸಂಜೀಕ ಬಂದ್ರ ಲಾಸ್ಟ್ ಬೋಟ್ ತಪ್ಪಿತೇನು ಅಂತ ಇಡೀ ದಿನ ಎದಿ ಢವಢವ. ಮತ್ತ ಗೋಕರ್ಣದಾಗ ನಡಿಗಿ ಮುಗಿದ್ರ ಉಳೀಲಾಕ ರೂಮ್, ಊಟ, ಬಸ್ ಎಲ್ಲಾ ಕೈಗೆ ಸಿಗ್ತದ. ಅಘನಾಶಿನಿ ಸಣ್ಣ ಊರು, ಕತ್ತಲಾದ್ಮ್ಯಾಲ ಅಲ್ಲಿ ನಿಂತು ಏನ್ ಮಾಡ್ತೀರಿ.

ಈ ದಾರಿ ಎಲ್ಲಾ ಸಪಾಟ ಉಸುಕು ಅಂತ ತಿಳೀಬ್ಯಾಡ್ರಿ. ಬೆಲೆಕಾನ ದಾಟಿದ ಮ್ಯಾಲ ಗುಡ್ಡ ಶುರು ಆಗ್ತದ, ಜಂಬಿಟ್ಟಿಗಿ ಕಲ್ಲು, ಕುರುಚಲು ಕಾಡು. ಪ್ಯಾರಡೈಸ್‌ನಿಂದ ಹಾಫ್ ಮೂನ್, ಹಾಫ್ ಮೂನ್‌ನಿಂದ ಓಂ, ಈ ಎರಡು ಕಡಿ ಬಂಡೆಗಲ್ಲಿನ ಮ್ಯಾಲ ಕಾಲಿಟ್ಟು ಇಟ್ಟು ಹೋಗೋದು, ಒಂದ್ ಕಡಿ ಗುಡ್ಡ, ಒಂದ್ ಕಡಿ ಕೆಳಗ ಸಮುದ್ರ. ಮೊಳಕಾಲು ನೋವಿದ್ದೋರು ಇಲ್ಲಿ ಜಿದ್ದಿಗೆ ಬೀಳಬ್ಯಾಡ್ರಿ. ಪ್ಯಾರಡೈಸ್‌ನಿಂದ ಓಂ ಬೀಚಿಗೆ ಸೀಸನ್‌ನ್ಯಾಗ ಸಣ್ಣ ಬೋಟ್ ಬಿಡ್ತಾರ, ಹತ್ತಿ ಬರ್ರಿ. ರೇಟ್ ಮಾತಾಡಿ ಹತ್ರಿ, ಇಳಿದ್ಮ್ಯಾಲ ಮಾತಾಡಬ್ಯಾಡ್ರಿ. ಅಲ್ಲಿ ಮೊಬೈಲ್ ನೆಟ್‌ವರ್ಕೂ ಕೈ ಕೊಡ್ತದ, ಐದು ಮಂದಿ ಚದುರಿ ಹೋಗಬ್ಯಾಡ್ರಿ. ಓಂ ಬೀಚ್ ಮಾತ್ರ ಮ್ಯಾಲ ಗುಡ್ಡದಿಂದ ನಿಂತು ನೋಡ್ರಿ, ಎರಡು ಅರ್ಧ ಚಂದ್ರ, ನಡುವ ಕಲ್ಲು ಸಮುದ್ರಕ್ಕ ಚಾಚ್ಯದ, ಹೆಸ್ರು ಯಾಕ ಬಂತು ಅಂತ ಯಾರೂ ಹೇಳೋದು ಬ್ಯಾಡ. ಕೆಳಗ ಇಳಿದ್ರ ಅದು ಗೊತ್ತಾಗಂಗಿಲ್ಲ, ಬರೀ ಮಂದಿ ಕಾಣ್ತಾರ.

ಪ್ರಶ್ನೆ: ನೀರು ಇಳಿತದ, ಏರ್ತದ ಅಂತೀರಿ. ನಮ್ಮ ಕಡಿ ಹೊಳಿ ಮಳಿ ಬಂದ್ರ ಏರ್ತದ, ಇಲ್ಲಂದ್ರ ಇಲ್ಲ. ಸಮುದ್ರದ್ದು ಯಾವ ಟೈಮಿಗೆ ಏನು ಅಂತ ಬೀದರ್‌ನ್ಯಾಗ ಕುಂತೋರಿಗೆ ಹ್ಯಾಂಗ ಗೊತ್ತಾಗ್ಬೇಕು? (ಭಾಲ್ಕಿ)

ಛಲೋ ಕೇಳಿದ್ರಿ. ನಮ್ಮ ಕಡಿ ಮಂದಿಗೆ ಇದೇ ತಿಳಿಯಂಗಿಲ್ಲ, ಯಾಕಂದ್ರ ಮಾಂಜ್ರಾ ಇರ್ಲಿ ಭೀಮಾ ಇರ್ಲಿ, ನೀರು ಮ್ಯಾಲಿಂದ ಕೆಳಗ ಹರಿತದ, ಮುಗೀತು. ಅಘನಾಶಿನಿ ಬಾಯಿ ಹತ್ರ ನಿಂತು ನೋಡ್ರಿ, ದಿನಕ್ಕ ಎರಡು ಸಲ ಹೊಳಿ ಉಲ್ಟಾ ಹರಿತದ, ಸಮುದ್ರದ ನೀರು ಒಳಗ ನುಗ್ಗಿ ಮ್ಯಾಲಕ್ಕ ಹೋಗ್ತದ. ಆಮ್ಯಾಲ ವಾಪಸ್.

ಲೆಕ್ಕ ಸೀದಾ ಅದ. ದಿನಕ್ಕ ಎರಡು ಉಬ್ಬರ, ಎರಡು ಇಳಿತ, ಒಂದರಿಂದ ಇನ್ನೊಂದಕ್ಕ ಆರು ತಾಸಿನ ಮ್ಯಾಲ ಸ್ವಲ್ಪ. ಚಂದ್ರನ ದೆಸೆಯಿಂದ ಆಗೋದ್ರಿಂದ ದಿನಾ ಸುಮಾರು 50 ನಿಮಿಷ ತಡ ಆಗ್ಕೋತ ಹೋಗ್ತದ. ಇವತ್ತು ಮುಂಜಾನೆ ಎಂಟಕ್ಕ ಪೂರ್ತಿ ಇಳಿದಿದ್ರ ನಾಳಿ ಎಂಟು ಐವತ್ತರ ಸುಮಾರಿಗೆ. ಅಮಾಸಿ-ಹುಣ್ಣಿಮಿ ಆಜುಬಾಜು ಏರಿಳಿತ ಜೋರು, ಅಷ್ಟಮಿ ಸುಮಾರಿಗೆ ಕಮ್ಮಿ. ಅಂದ್ರ ಮನ್ಯಾಗ ಗ್ವಾಡಿಗೆ ನೇತಾಕಿದ ಕ್ಯಾಲೆಂಡರ್ ನೋಡೇ ಅರ್ಧ ಗೊತ್ತು ಮಾಡ್ಕೋಬಹುದು. ಉಳಿದ ಅರ್ಧಕ್ಕ ಟೈಡ್ ಟೇಬಲ್ ಅಂತ ಮೊಬೈಲ್‌ನ್ಯಾಗ ಸಿಗ್ತದ, ಕಾರವಾರದ ಲೆಕ್ಕ ನೋಡಿದ್ರ ಸಾಕು, ಕುಮಟಾ-ಗೋಕರ್ಣಕ್ಕ ಅದು ಹತ್ರ.

ಇನ್ನೊಂದು ಸಂಗತಿ ಹೇಳ್ತೀನಿ, ಬೀದರ್ ಮಂದಿಗೆ ಕೇಳಿ ನಗಿ ಬರಬಹುದು. ಇಡೀ ದೇಶದ ಸಮುದ್ರಕ್ಕ ಅಲಿ ಎಷ್ಟು ಎತ್ತರ ಬರ್ತದ, ಸುನಾಮಿ ಬರ್ತದೇನು ಅಂತ ಮುನ್ಸೂಚನೆ ಕೊಡೋ ಸಂಸ್ಥೆ ಇನ್‌ಕಾಯ್ಸ್ ಇರೋದು ನಿಮ್ಮ ಪಕ್ಕದ ಹೈದರಾಬಾದಿನ್ಯಾಗ. ಸಮುದ್ರ ಅಲ್ಲಿ ಎಲ್ಲೂ ಇಲ್ಲ! ಅವ್ರು ಕರಾವಳಿಗೆ ಎತ್ತರದ ಅಲಿ ಅಲರ್ಟ್ ಹಾಕ್ತಾರ, ಟಿವಿ-ಪೇಪರ್‌ನ್ಯಾಗೂ ಬರ್ತದ. ಹೋಗೋ ಹಿಂದಿನ ದಿನ ಅದು ನೋಡ್ಲೇಬೇಕು. ಮಳಿ ಇಲ್ಲ, ಗಾಳಿ ಇಲ್ಲ, ಆಕಾಶ ಸಾಫ್ ಅದ, ಆದ್ರೂ ದೊಡ್ಡ ಅಲಿ ಬರಬಹುದು, ದಕ್ಷಿಣ ಹಿಂದೂ ಮಹಾಸಾಗರದಾಗ ಎಲ್ಲೋ ದೂರ ಎದ್ದ ಬಿರುಗಾಳಿ ಅಲಿ ದಿನಗಟ್ಟಲೆ ಪ್ರಯಾಣ ಮಾಡಿ ನಮ್ಮ ದಂಡಿಗೆ ಬರ್ತಾವ. ಕೇರಳದಾಗ ಅದಕ್ಕ ಕಳ್ಳಕ್ಕಡಲ್ ಅಂತಾರ. ಅಲರ್ಟ್ ಇದ್ದ ದಿನ ಆ ಬಂಡೆಗಲ್ಲಿನ ದಾರಿಗೆ ಹೋಗಲೇಬ್ಯಾಡ್ರಿ, ಗೋಕರ್ಣದಾಗ ಮಹಾಬಲೇಶ್ವರನ ದರ್ಶನ ಮಾಡಿ ಕೋಟಿತೀರ್ಥದ ಕಟ್ಟಿ ಮ್ಯಾಲ ಕೂಡ್ರಿ.

ಇಳಿತದ ಟೈಮಿಗೆ ನಡದ್ರ ಏನ್ ಫಾಯ್ದೆ? ನೀರು ಹಿಂದಕ್ಕ ಸರಿದು ಗಟ್ಟಿ ಹಸಿ ಉಸುಕು ಸಿಗ್ತದ, ಕಾಲು ಹೂಳಂಗಿಲ್ಲ, ಸ್ಪೀಡ್ ಬರ್ತದ. ಉಬ್ಬರದಾಗ ಮ್ಯಾಲಿನ ಒಣ ಉಸುಕಿನ್ಯಾಗ ನಡೀಬೇಕು, ಮೀನಖಂಡ ಹಿಡ್ಕೋತಾವ, ಎರಡು ಕಿಲೋಮೀಟರಿಗೇ ನಾಕು ನಡದಂಗ ಆಗ್ತದ. ಮತ್ತ ಎರಡು ಬೀಚಿನ ನಡುವ ಕಲ್ಲಿನ ಮೂಲಿ ಇರ್ತಾವಲ್ಲ, ಇಳಿತದಾಗ ಕೆಳಗಿಂದ ದಾಟಬಹುದು ಅನ್ನೋ ಜಾಗ ಉಬ್ಬರದಾಗ ಮುಚ್ಚಿ ಹೋಗ್ತದ. ನೀರು ಏರ್ಲಾಕತ್ತಿದ್ರ ಕೆಳಗಿನ ದಾರಿ ಬಿಟ್ಟು ಗುಡ್ಡದ ಮ್ಯಾಲಿನ ದಾರಿ ಹಿಡೀರಿ, ಹತ್ತು ನಿಮಿಷ ಜಾಸ್ತಿ ಆಗ್ಲಿ.

ಪ್ರಶ್ನೆ: ನಾನು ಮತ್ತ ನಮ್ಮವ್ವ ಇಬ್ರೇ ಹೋಗ್ಬೇಕಂತ ಅದ. ಅವ್ವಗ ಅರವತ್ತೆರಡು, ನಡೀತಾಳ ಆದ್ರ ಗುಡ್ಡ ಹತ್ತಂಗಿಲ್ಲ. ಬೋಟ್ ಹತ್ತಬೇಕು ಅನ್ನೋದು ಆಕಿ ಆಸಿ. ಬಸ್ ಫ್ರೀ ಅದನೋ ಇಲ್ಲೋ? ಹೆಣ್ಮಕ್ಕಳಿಗೆ ಆ ದಾರಿ ಹ್ಯಾಂಗದ? (ಶಹಾಪುರ)

ತಂಗಿ, ನಿಮಗ ಗೋಕರ್ಣದ ಗುಡ್ಡದ ದಾರಿ ಬ್ಯಾಡವಾ. ನಿಮಗ ಮಂಗಳೂರಿಂದು ಹೇಳ್ತೀನಿ, ಅದ್ರಾಗ ಒಂದಲ್ಲ ಎರಡು ಬೋಟ್ ಸಿಗ್ತಾವ, ಗುಡ್ಡ ಒಂದೂ ಇಲ್ಲ.

ಮಂಗಳೂರು ಬೋಳೂರಿನ್ಯಾಗ ಸುಲ್ತಾನ್ ಬತ್ತೇರಿ ಅಂತ ಅದ, ಟಿಪ್ಪು ಕಾಲದ ಕಪ್ಪು ಕಲ್ಲಿನ ಕಾವಲು ಬುರುಜು. ಅದ್ರ ಬುಡದಾಗೇ ಫೆರಿ. ಗುರುಪುರ ಹೊಳಿ ದಾಟಿ ಆಚಿ ದಂಡಿ ತಣ್ಣೀರುಬಾವಿಗೆ ಬಿಡ್ತದ. ಅಲ್ಲಿ ಇಳಿದು ಸ್ವಲ್ಪ ನಡದ್ರ ಸಮುದ್ರ. ಈಗ ನೀವು ಎಡಕ್ಕ ತಿರುಗಿ, ಅಂದ್ರ ದಕ್ಷಿಣಕ್ಕ, ಬೆಂಗ್ರೆ ಕಡಿ ನಡೀರಿ. ಅದೊಂದು ಉದ್ದನ್ನ ಉಸುಕಿನ ಪಟ್ಟಿ, ಬಲಕ್ಕ ಅರಬ್ಬೀ ಸಮುದ್ರ, ಎಡಕ್ಕ ಹೊಳಿ, ನಡುವ ಮೀನುಗಾರರ ಮನಿ, ತೆಂಗು, ಒಣ ಹಾಕಿದ ಬಲಿ. ಕಡೀಕ ಕಸಬಾ ಬೆಂಗ್ರೆ. ಅಲ್ಲಿಂದ ಇನ್ನೊಂದು ಬೋಟ್ ಹತ್ತಿದ್ರ ಸೀದಾ ಮಂಗಳೂರು ಬಂದರಿನ ದಕ್ಕಿಗೆ ಬಂದು ಇಳೀತೀರಿ, ಟ್ರಾಲರ್ ಸಾಲು, ಮಂಜುಗಡ್ಡಿ ಗಾಡಿ, ಮೀನಿನ ವಾಸ್ನಿ. ನಡಿಗಿ ನಾಕೈದು ಕಿಲೋಮೀಟರ್ ಅಷ್ಟೇ, ಅವ್ವ ಅಲ್ಲಲ್ಲಿ ಕುಂತು ಕುಂತು ಬಂದ್ರೂ ಮಧ್ಯಾಹ್ನ ಊಟದೊಳಗ ಮುಗಿತದ. ಸಾಕಾಯ್ತು ಅಂದ್ರ ಹೊಳಿ ಕಡಿ ರಸ್ತೆ ಅದ, ಆಟೋ ಹಿಡೀರಿ. ಅವ್ವಗ ಮೀನಿನ ವಾಸ್ನಿ ಆಗಂಗಿಲ್ಲ ಅಂದ್ರ ಮಾತ್ರ ದಕ್ಕಿಯೊಳಗ ನಿಲ್ಲದೆ ಸೀದಾ ಹೊರಗ ಬರ್ರಿ.

ಬೆಂಗ್ರೆ ಊರೊಳಗ ನಡಿಯೋವಾಗ ಅದು ಮಂದಿ ಮನಿ ಅಂಗಳ ಅಂತ ತಿಳೀರಿ. ಬಲಿ ಹೆಣೆಯೋರಿಗೆ ಕೇಳದೆ ಫೋಟೋ ಹೊಡೀಬ್ಯಾಡ್ರಿ, ಬಲಿ ತುಳೀಬ್ಯಾಡ್ರಿ. "ಬೋಟಿಗೆ ಹ್ಯಾಂಗ ಹೋಗ್ಬೇಕಕ್ಕಾ" ಅಂತ ಹೆಣ್ಮಕ್ಕಳಿಗೇ ಕೇಳ್ರಿ, ನಮ್ಮ ಭಾಷಾ ಕೇಳಿ ಅವ್ರು ಎರಡು ನಿಮಿಷ ನಗ್ತಾರ, ಆದ್ರ ದಾರಿ ಬರಾಬರ್ ತೋರಸ್ತಾರ.

ಬಸ್ ಬಗ್ಗೆ: ಶಕ್ತಿ ಯೋಜನೆ 2023ರ ಜೂನ್‌ನಿಂದ ಅದ, ಕರ್ನಾಟಕದ ವಿಳಾಸ ಇರೋ ಗುರುತಿನ ಚೀಟಿ ತೋರಿಸಿದ್ರ ಆರ್ಡಿನರಿ, ಎಕ್ಸ್‌ಪ್ರೆಸ್ ಬಸ್ ಫ್ರೀ. ರಾಜಹಂಸ, ಸ್ಲೀಪರ್, ಎಸಿ ಬಸ್‌ಗೆ ಫ್ರೀ ಇಲ್ಲ. ರಾತ್ರಿ ಉದ್ದ ದಾರಿ ಅವ್ವನ್ನ ಎಕ್ಸ್‌ಪ್ರೆಸ್‌ನ್ಯಾಗ ಕೂಡಿಸಿ ಒಯ್ಯೋದಕ್ಕಿಂತ, ವಿಜಯಪುರಕ್ಕ ಬಸ್ಸಿಗೆ ಹೋಗಿ ಅಲ್ಲಿಂದ ಮಂಗಳೂರು ರೈಲು ಹಿಡಿಯೋದು ನನ್ನ ಮಟ್ಟಿಗೆ ಛಲೋ, ಹುಬ್ಬಳ್ಳಿ, ಹಾಸನ, ಸಕಲೇಶಪುರ ಮ್ಯಾಲಿಂದ ಹೋಗ್ತದ, ಬರ್ತ್ ರಿಸರ್ವ್ ಮಾಡಿಸಿದ್ರ ಅವ್ವ ಕಾಲು ಚಾಚಿ ಮಲಗ್ತಾಳ. ಫ್ರೀ ಅಂತ ನಡ ಮುರ್ಕೋಬ್ಯಾಡ್ರಿ. ಅಲ್ಲಿ ಹೋದ್ಮ್ಯಾಲ ಸರ್ಕಾರಿ ಬಸ್‌ನ್ಯಾಗ ಓಡಾಡುವಾಗ ಕಾರ್ಡ್ ಕೈಯಾಗಿರ್ಲಿ, ಮಂಗಳೂರು ಸಿಟಿದಾಗ ಮಾತ್ರ ಬಹಳಷ್ಟು ಪ್ರೈವೇಟ್ ಬಸ್, ಅದಕ್ಕ ರೊಕ್ಕ ಕೊಡಲೇಬೇಕು.

ಪ್ರಶ್ನೆ: ನಾವು ಮೇ ತಿಂಗಳ 42 ಡಿಗ್ರಿದಾಗ ಹೊಲದಾಗ ದುಡಿಯೋರು. ಕರಾವಳಿ 33-34 ಡಿಗ್ರಿ ನಮಗ ಯಾವ ಲೆಕ್ಕ? ಒಂದ್ ಲೀಟರ್ ಬಾಟ್ಲಿ ಸಾಕಲ್ಲ? ಸಾಲಿ ಸೂಟಿ ಇರೋ ಮೇದಾಗೇ ಹೋಗ್ಬೇಕಂತ ಅದ. (ಹುಮನಾಬಾದ್)

ಸಾಕಾಗಂಗಿಲ್ರೀ. ಡಿಗ್ರಿ ನೋಡಿ ಮೋಸ ಹೋಗಬ್ಯಾಡ್ರಿ. ನಮ್ಮ ಬಿಸಲು ಒಣ ಬಿಸಲು, ಬೆವರು ಬಂದ ಕೂಡ್ಲೇ ಆರಿ ಹೋಗ್ತದ, ಅದು ಆರೋವಾಗ ಮೈ ತಂಪಾಗ್ತದ. ಅಲ್ಲಿ ಹವಾದಾಗೇ ನೀರು ತುಂಬ್ಯದ, ಬೆವರು ಆರಂಗಿಲ್ಲ, ಅಂಗಿ ತೊಯ್ದು ಮೈಗೆ ಅಂಟ್ಕೋತದ, ಮೈಯೊಳಗಿನ ಕಾವು ಹೊರಗ ಹೋಗಂಗಿಲ್ಲ. ನೀರಡಿಕಿ ಆಗೋದ್ರೊಳಗ ಸುಸ್ತು, ತಲಿ ನೋವು, ಕಾಲು ಹಿಡ್ಕೊಳ್ಳೋದು ಶುರು ಆಗ್ತದ. ನಮ್ಮ ಕಡಿ ಗಟ್ಟಿ ಆಳುಗಳೇ ಅಲ್ಲಿ ಕುಂದಿರ್ತಾರ, ಯಾಕಂದ್ರ "ನನಗ ಬಿಸಲು ರೂಢಿ ಅದ" ಅಂತ ನೀರು ಕುಡಿಯಂಗಿಲ್ಲ. ತಲಿಗೆ ಮೂರು ಲೀಟರ್ ಲೆಕ್ಕ ಇಡ್ರಿ, ತದಡಿಯಾಗ ಮತ್ತ ತುಂಬ್ಕೋರಿ, ಯಾಕಂದ್ರ ಬೆಲೆಕಾನ ದಾಟಿದ್ಮ್ಯಾಲ ಓಂ ಬೀಚ್ ಬರೋತನಕ ಅಂಗಡಿ ನಂಬ್ಕೊಂಡು ಹೋಗೋ ಜಾಗ ಅಲ್ಲ. ಓಆರ್‌ಎಸ್ ಪಾಕೀಟು ಎರಡು ಇರ್ಲಿ. ಬೊಗಸಿ ಟೋಪಿಗಿಂತ ತಲಿಗೆ ಹಸಿ ಟವೆಲ್ ಸುತ್ಕೊಳ್ಳೋದು ಭಾಳ ಛಲೋ.

ಮೇ ತಿಂಗಳು ಬ್ಯಾಡ. ನವೆಂಬರ್ ಕಡಿಂದ ಫೆಬ್ರವರಿತನಕ ಹೋಗ್ರಿ. ಶಿವರಾತ್ರಿ ವಾರ ಗೋಕರ್ಣದಾಗ ಕಾಲಿಡ್ಲಾಕ ಜಾಗ ಇರಂಗಿಲ್ಲ, ಅದೊಂದು ಬಿಡ್ರಿ. ಮಳಿಗಾಲ ಅಂತೂ ಹೆಸ್ರು ತೆಗೀಬ್ಯಾಡ್ರಿ, ಜೂನ್ 1ರಿಂದ ಜುಲೈ 31ರತನಕ ಯಾಂತ್ರಿಕ ಮೀನುಗಾರಿಕೆ ಬೋಟುಗಳೇ ಸಮುದ್ರಕ್ಕ ಇಳಿಯಂಗಿಲ್ಲ, ನಾವ್ಯಾರು ಇಳೀಲಾಕ. ದಾರೀನೂ ಅಷ್ಟೇ, 2024ರ ಜುಲೈ 16ಕ್ಕ ಅಂಕೋಲಾ ಹತ್ರ ಶಿರೂರಿನ್ಯಾಗ ಗುಡ್ಡ ಕುಸಿದು ಹೈವೇ ಮ್ಯಾಲ ಬಿದ್ದದ್ದು ನೆನಪಿರಬೇಕಲ್ಲ.

ಪ್ರಶ್ನೆ: ನಾನು ಸಣ್ಣವನಿದ್ದಾಗಿಂದ ಬಾವಿದಾಗ, ಕಾಗಿಣಾ ಹೊಳಿದಾಗ ಈಸು ಬಿದ್ದಂವ. ಸಮುದ್ರದಾಗ ಈಸಬಹುದಾ? (ಸೇಡಂ)

ತಮ್ಮಾ, ಬಾವಿ ನೀರು ನಿಂತಲ್ಲೇ ಇರ್ತದ, ಸಮುದ್ರ ಎಳೀತದ. ಅಲಿ ಬಂದು ಬಂದು ದಂಡಿಗೆ ನೀರು ತುಂಬ್ತದಲ್ಲ, ಅದು ವಾಪಸ್ ಹೋಗ್ಲಾಕ ಒಂದು ಸಣ್ಣ ಓಣಿ ಹುಡ್ಕೋತದ, ಅಲ್ಲಿಂದ ಜೋರಾಗಿ ಒಳಗ ಹರಿತದ. ಆ ಜಾಗದಾಗ ಅಲಿ ಒಡಿಯಂಗಿಲ್ಲ, ಎರಡೂ ಕಡಿ ಬಿಳಿ ನೊರಿ, ನಡುವ ಮಾತ್ರ ಸಪಾಟ, ಸ್ವಲ್ಪ ಕಪ್ಪಗ. ನೋಡಿದೋರು ಇದೇ ಶಾಂತ ಅದ ಅಂತ ಅಲ್ಲೇ ಇಳೀತಾರ, ಅದೇ ಮೋಸದ ಜಾಗ. ಅದ್ರಾಗ ಸಿಕ್ಕೋರು ದಂಡಿ ಕಡಿ ಮಾರಿ ಮಾಡಿ ಜೀವ ತೇದು ಈಸ್ತಾರ, ಹತ್ತು ನಿಮಿಷಕ್ಕ ತ್ರಾಣ ಖಾಲಿ. ಸಿಕ್ಕಿದ್ರ ದಂಡಿಗೆ ಸಮಾನಾಂತರ, ಅಡ್ಡ ಈಸಬೇಕು, ಆ ಓಣಿ ಅಗಲ ಭಾಳ ಇರಂಗಿಲ್ಲ, ಅದು ದಾಟಿದ್ಮ್ಯಾಲ ಅಲಿಗೆ ಮೈ ಕೊಟ್ಟು ದಂಡಿಗೆ ಬರಬೇಕು. ಈಸ್ಲಾಕ ಆಗ್ಲಿಲ್ಲ ಅಂದ್ರ ತೇಲ್ರಿ, ಕೈ ಎತ್ರಿ.

ಇಷ್ಟು ಹೇಳಿದ್ದು ಇಳೀರಿ ಅಂತಲ್ಲ. ಲೈಫ್‌ಗಾರ್ಡ್ ಇರೋ ಕಡಿ, ಓಂ ಬೀಚ್ ಇಲ್ಲಾ ಗೋಕರ್ಣ ಮೇನ್ ಬೀಚ್‌ನ್ಯಾಗ, ಸೊಂಟ ಮಟ ನೀರಿಗೆ ಅಷ್ಟೇ. ಪ್ಯಾರಡೈಸ್, ಹಾಫ್ ಮೂನ್‌ನ್ಯಾಗ ನಿನಗ ಏನರ ಆದ್ರ ಕೂಗಿದ್ರೂ ಕೇಳೋರಿಲ್ಲ. ಕುಡಿದು ಇಳಿಯೋರ ಬಗ್ಗೆ ನಾನು ಬರಿಯೋದೇ ಇಲ್ಲ.

ಪ್ರಶ್ನೆ: ಹೈಸ್ಕೂಲ್ ಮಕ್ಕಳು ನಲವತ್ತು ಮಂದಿ, ಪ್ರವಾಸಕ್ಕ ಇದೇ ಇಟ್ಕೋಬಹುದಾ ಅಂತ ವಿಚಾರ. ಬರೀ ನೀರಿನ್ಯಾಗ ಆಡೋದಲ್ಲದೆ ತಿಳ್ಕೊಳ್ಳಾಕ ಏನರ ಅದನು? (ಅಫಜಲಪುರ)

ಮಾಸ್ತರ್ರೇ, ನಲವತ್ತು ಮಕ್ಕಳನ್ನ ಗೋಕರ್ಣದ ಆ ಬಂಡೆಗಲ್ಲಿನ ದಾರಿಗೆ ಒಯ್ಯಬ್ಯಾಡ್ರಿ ಅಂತ ಮೊದ್ಲೇ ಕೈ ಮುಗೀತೀನಿ. ಗೋಕರ್ಣದಿಂದ ಬಸ್‌ನ್ಯಾಗ ತದಡಿಗೆ ಬಂದು, ತಾರಿ ಹತ್ತಿ ಅಘನಾಶಿನಿ ಕಡಿ ಹೋಗಿ, ಒಂದೆರಡು ತಾಸು ನದಿ ದಂಡಿ ನೋಡಿ ವಾಪಸ್ ಬರ್ರಿ. ಬೋಟಿಗೆ ಎರಡು-ಮೂರು ಖೇಪು ಮಾಡ್ಸಿ, ಪ್ರತಿ ಖೇಪಿಗೂ ಒಬ್ಬ ಮಾಸ್ತರ್, ಹತ್ತೋವಾಗೊಮ್ಮೆ ಇಳಿಯೋವಾಗೊಮ್ಮೆ ತಲಿ ಎಣಿಸ್ರಿ, ಲೈಫ್ ಜಾಕೆಟ್ ಕೇಳಿ ಹಾಕ್ಸಿ. ಊರಮಂದಿ ಕೆಲಸಕ್ಕ ಹೋಗೋ ಮುಂಜಾನಿ ಗದ್ದಲದ ಟೈಮ್ ಬಿಟ್ಟು ಹತ್ತೂವರಿ ಮ್ಯಾಲ ಹೋದ್ರ ಅವ್ರಿಗೂ ತ್ರಾಸ ಆಗಂಗಿಲ್ಲ.

ತಿಳ್ಕೊಳ್ಳಾಕ ಅಂದ್ರ ಆ ಅಳಿವಿ, ಅಂದ್ರ ಹೊಳಿ ಸಮುದ್ರ ಸೇರೋ ಬಾಯಿ, ಒಂದೇ ಸಾಕ್ರೀ. ಈ ಹೊಳಿ ಶಿರಸಿ ಕಡಿ ಹುಟ್ಟಿ ಸುಮಾರು 120 ಕಿ.ಮೀ. ಹರಿದು ಬರ್ತದ, ನಡುವ ಉಂಚಳ್ಳಿಯಾಗ 116 ಮೀಟರ್ ಧುಮುಕ್ತದ, ಆದ್ರ ಅದಕ್ಕ ಒಂದೂ ದೊಡ್ಡ ಡ್ಯಾಮ್ ಇಲ್ಲ. ಸೊನ್ನ ಬ್ಯಾರೇಜ್ ಬಾಜೂಕ ಬೆಳೆದ ನಿಮ್ಮ ಮಕ್ಕಳಿಗೆ, ಮಹಾರಾಷ್ಟ್ರದ ಉಜನಿ ಡ್ಯಾಮ್‌ನಿಂದ ನೀರು ಬಿಟ್ರಾ ಇಲ್ಲಾ ಅಂತ ಕೇಳ್ಕೋತ ಬೆಳೆದೋರಿಗೆ, ಕಟ್ಟಿ ಹಾಕದ ಹೊಳಿ ಹ್ಯಾಂಗಿರ್ತದ ಅಂತ ತೋರಿಸ್ಬೇಕು. 2024ರ ಜನವರಿದಾಗ ಈ ಅಳಿವಿ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರ್ತು, ಗದಗದ ಮಾಗಡಿ ಕೆರಿ, ವಿಜಯನಗರ ಜಿಲ್ಲೆಯ ಅಂಕಸಮುದ್ರ ಜೊತಿಗೆ.

ಇಳಿತದ ಟೈಮಿಗೆ ಕೆಸರಿನ ದಿಬ್ಬ ಹೊರಗ ಬಿದ್ದಾಗ ಹೆಣ್ಮಕ್ಕಳು ಬುಟ್ಟಿ ಹಿಡ್ಕೊಂಡು ಇಳೀತಾರ, ಮೊಳಕಾಲು ಮಟ ನೀರಿನ್ಯಾಗ ಬಗ್ಗಿ ಕೈಯಾಡಿಸಿ ಬಳಚು ತೆಗೀತಾರ. ಬಳಚು ಅಂದ್ರ ಎರಡು ಚಿಪ್ಪಿನ ನಡುವ ಇರೋ ಜೀವ. ಕಾಲಿಗೆ ತಾಗಿದ್ದು ಕಲ್ಲೋ ಬಳಚೋ ಅಂತ ನೋಡದೇ ಹೇಳ್ತಾರ. ನೀರು ಏರಿತು ಅಂದ್ರ ಆ ದಿನದ ದುಡಿಮಿ ಮುಗೀತು, ಬುಟ್ಟಿ ಹೊತ್ಕೊಂಡು ಮನಿಗೆ. ದಂಡಿಗುಂಟ ಕಾಂಡ್ಲಾ ಗಿಡ ಅವ, ಬೇರು ಕೆಸರಿನಿಂದ ಮ್ಯಾಲ ಚಾಚಿರ್ತಾವ, ಅದ್ರ ಬುಡದಾಗ ಮೀನು ಮರಿ, ಏಡಿ ಬೆಳೀತಾವ.

ಇನ್ನು ನಮ್ಮ ರೈತರ ಮಕ್ಕಳಿಗೆ ಭಾಳ ಹಿಡಿಸೋದು ಕಗ್ಗ. ಉಪ್ಪು ನೀರು ತಡ್ಕೊಳ್ಳೋ ಭತ್ತ ಅದು, ಮಾಣಿಕಟ್ಟಾ ಕಡಿ ಗಜನಿ, ಅಂದ್ರ ಉಪ್ಪು ನೀರು ನುಗ್ಗೋ ತಗ್ಗಿನ ಗದ್ದಿದಾಗ ಬೆಳೀತಾರ. ಮಳಿಗಾಲದಾಗ ಸಿಹಿ ನೀರು ಬಂದು ಉಪ್ಪು ತೊಳೆದ್ಮ್ಯಾಲ ಬಿತ್ತೋದು, ಬೆಳಿ ಎತ್ತರ ಬೆಳೀತದ, ಸುಗ್ಗಿ ಆದ್ಮ್ಯಾಲ ಅದೇ ಗದ್ದಿಗೆ ಸಮುದ್ರದ ನೀರು ಬಿಟ್ಕೊಂಡು ಸಿಗಡಿ, ಮೀನು. ನಮ್ಮ ತೊಗರಿಗೆ ನೀರು ಒಂದ್ ವಾರ ನಿಂತ್ರ ನೆಟಿ ರೋಗ ಅಂತ ತಲಿ ಮ್ಯಾಲ ಕೈ ಹೊತ್ಕೋತೀವಿ, ಅಲ್ಲಿ ನೋಡ್ರಿ. ಸಮೀಪದಾಗೇ ಸಾಣಿಕಟ್ಟಾದ ಉಪ್ಪಿನ ಆಗರ ಅವ, ಚೌಕ ಚೌಕ ಮಡಿ ಮಾಡಿ ನೀರು ಬಿಸಲಿಗೆ ಆರ್ಸಿ ಉಪ್ಪು ಕೆರೀತಾರ, ಬೇಸಿಗಿದಾಗ ಹೋದ್ರಷ್ಟೇ ಕೆಲಸ ನೋಡ್ಲಾಕ ಸಿಗ್ತದ. 1930ರಾಗ ಉಪ್ಪಿನ ಸತ್ಯಾಗ್ರಹ ನಡೆದ ಅಂಕೋಲಾ ಇಲ್ಲಿಂದ ದೂರ ಇಲ್ಲ, ಆಗ ನಮ್ಮ ಕಲಬುರಗಿ ನಿಜಾಮನ ಕೈಯಾಗಿತ್ತು ಅನ್ನೋದು ಸೇರ್ಸಿ ಹೇಳಿದ್ರ ಎರಡು ಪಾಠ ಒಂದೇ ಸಲ ಆಗ್ತದ.

ಪ್ರಶ್ನೆ: ನಾವು ಶುದ್ಧ ಸಸ್ಯಾಹಾರಿಗಳು, ಅಲ್ಲಿ ಅನ್ನ ತಿಂದು ಹೊಟ್ಟಿ ತುಂಬಂಗಿಲ್ಲ. ಬುತ್ತಿ ಏನ್ ಒಯ್ಯಬೇಕು? ಮತ್ತ ಕಾಲಿಗೆ ಏನ್ ಹಾಕ್ಕೋಬೇಕು? (ಆಳಂದ)

ಅಕ್ಕಾರ, ಕಡಕ್ ರೊಟ್ಟಿ ಒಯ್ಯೋದು ಸರಿ, ಆದ್ರ ಬಟ್ಟಿದಾಗ ಕಟ್ಟಿ ಒಯ್ದ್ರ ಆ ಹವಾಕ್ಕ ಸಂಜಿಯೊಳಗ ಮೆತ್ತಗ ಆಗಿ ಚರ್ಮದಂಗ ಜಗ್ಗತಾವ. ಸ್ಟೀಲ್ ಡಬ್ಬಿದಾಗ ಮುಚ್ಚಳ ಗಟ್ಟಿ ಹಾಕಿ ಇಡ್ರಿ. ಶೇಂಗಾ ಹಿಂಡಿ, ಉಪ್ಪಿನಕಾಯಿ ಇರ್ಲಿ, ಮೊಸರು ಬ್ಯಾಡ. ನಡಿಯೋ ದಿನ ಮಧ್ಯಾಹ್ನಕ್ಕ ಇದೇ ಊಟ ಮಾಡ್ರಿ, ರಾತ್ರಿ ಗೋಕರ್ಣ ಗುಡಿ ಸುತ್ತಮುತ್ತ ಸಸ್ಯಾಹಾರಿ ಖಾನಾವಳಿ ಸಿಗ್ತಾವ.

ಕಾಲಿಗೆ ಹವಾಯಿ ಚಪ್ಪಲ್ ಬ್ಯಾಡ, ಕಲ್ಲಿನ ಮ್ಯಾಲ ಜಾರ್ತದ. ಹಿಂದ ಪಟ್ಟಿ ಇರೋ ಸ್ಯಾಂಡಲ್ ಛಲೋ, ತೊಯ್ದ್ರೂ ಜಲ್ದಿ ಒಣಗ್ತದ. ಬರಿಗಾಲಿಲೆ ಉಸುಕಿನ್ಯಾಗ ನಡೀಬಹುದು ಖರೆ, ಆದ್ರ ಕಲ್ಲಿಗೆ ಹತ್ತಿದ ಚಿಪ್ಪು ಬ್ಲೇಡ್‌ನಷ್ಟು ಹರಿತ ಇರ್ತಾವ, ಕೊಯ್ದದ್ದು ನೀರಿನ್ಯಾಗ ಗೊತ್ತೂ ಆಗಂಗಿಲ್ಲ.

ಪ್ರಶ್ನೆ: ನಮ್ಮ ಕೃಷ್ಣಾ ಅದ, ಭೀಮಾ ಅದ, ಹರಿಗೋಲು ಅವ. ಐನೂರು ಕಿಲೋಮೀಟರ್ ಹೋಗಿ ಬೋಟ್ ಹತ್ತೋದು ಯಾಕ್ರೀ, ಇಲ್ಲೇ ಇಂಥದ್ದು ಒಂದು ಹೇಳ್ರಿ. (ಸುರಪುರ)

ನಿಮ್ಮ ಮಾತಿನ್ಯಾಗ ಸಿಟ್ಟು ಅದ, ಅದು ನ್ಯಾಯದ್ದೇ. ಆದ್ರೂ ಹರಿಗೋಲು ಹತ್ರಿ ಅಂತ ನಾನು ಹೇಳಂಗಿಲ್ಲ. ಬಸವಸಾಗರ ಡ್ಯಾಮ್‌ನಿಂದ ಯಾವಾಗ ಎಷ್ಟು ನೀರು ಬಿಡ್ತಾರ ಅನ್ನೋದ್ರ ಮ್ಯಾಲ ಕೃಷ್ಣಾ ಹರಿವು ನಿಂತದ, ಅಲ್ಲಿ ಅಮಾಸಿ-ಹುಣ್ಣಿಮಿ ಲೆಕ್ಕ ನಡಿಯಂಗಿಲ್ಲ. ಕೃಷ್ಣಾ ನಡುಗಡ್ಡಿ ಊರು ನೀಲಕಂಠರಾಯನಗಡ್ಡಿ ಮಂದಿ ಪ್ರವಾಹ ಬಂದಾಗ ಪಟ್ಟ ಪಾಡು ನಿಮಗ ನನಗಿಂತ ಛಲೋ ಗೊತ್ತು. ಗತಿ ಇಲ್ಲದೆ ಹರಿಗೋಲು ಹತ್ತೋದು ಬ್ಯಾರೆ, ಮಜಾಕ್ಕ ಹತ್ತೋದು ಬ್ಯಾರೆ.

ಹೊಳಿ ದಂಡಿ ನಡಿಗಿ ಬೇಕಂದ್ರ ಎರಡು ಹೇಳ್ತೀನಿ. ಗಾಣಗಾಪುರದಾಗ ಗುಡಿಯಿಂದ ಭೀಮಾ-ಅಮರ್ಜಾ ಸಂಗಮಕ್ಕ ಮುಂಜಾನೆ ನಡಕೊಂಡು ಹೋಗಿ ಬರ್ರಿ, ಹುಣ್ಣಿಮಿ ದಿನ ಬಿಟ್ಟು. ಇನ್ನೊಂದು ಸನ್ನತಿ, ಚಂದ್ರಲಾಂಬಾ ಗುಡಿ ನೋಡಿ ಭೀಮಾ ದಂಡಿ ಕಡಿಂದ ಕನಗನಹಳ್ಳಿ ಸ್ತೂಪಕ್ಕ. ಅಶೋಕನ ಹೆಸ್ರು ಕೆತ್ತಿ ಅವನ ಶಿಲ್ಪ ಮಾಡಿದ ಕಲ್ಲು ಸಿಕ್ಕಿದ್ದು ಅಲ್ಲೇ, ರಾಣಿ ಜೊತಿ ನಿಂತಾನ, "ರಾಯಾ ಅಸೋಕೋ" ಅಂತ ಬರ್ದದ. ರೈಲಿಗೆ ಬಂದ್ರ ನಾಲವಾರ ಸ್ಟೇಷನ್ ಹತ್ರ, ಅಲ್ಲಿಂದ ಗಾಡಿ ಮಾಡ್ಕೋಬೇಕು. ನೆರಳು ಕಮ್ಮಿ, ಹತ್ತು ಗಂಟಿಯೊಳಗ ಮುಗಿಸ್ರಿ.

ಪ್ರಶ್ನೆ: ಬೈಕ್ ಮ್ಯಾಲ ಬಂದು, ಬೈಕ್ ಸಮೇತ ತಾರಿ ದಾಟಿದ್ರ ನಡದಂಗ ಲೆಕ್ಕಾನಾ? (ಯಾದಗಿರಿ)

ಇಲ್ಲ. ಆದ್ರ ಬಾರ್ಜ್‌ನ್ಯಾಗ ಬೈಕಿಗೆ ಬ್ಯಾರೆ ಟಿಕೀಟು, ಸೈಡ್ ಸ್ಟ್ಯಾಂಡ್ ಹಾಕಿ ಹ್ಯಾಂಡಲ್ ಹಿಡ್ಕೊಂಡೇ ನಿಂದ್ರಬೇಕು, ಮತ್ತ ಚಿಲ್ಲರ ಇಟ್ಕೋರಿ.